ಮರಗೆಣಸಿಗೆ ಶಿಕ್ಷೆ ಕೊಡುವ ಮುಂಚೆ

ನಮಸ್ಕಾರ. ನೀವು ಕಳಿಸಿದ 'ಮರಗೆಣಸು ತಿಂದರೆ ಮೇದೋಜೀರಕಕ್ಕೆ ಕುತ್ತು' ಲೇಖನ ಓದಿದೆ. ಇದ್ದ ಹಾಗೆ ಹಾಕಲು ಆಗುವುದಿಲ್ಲ. ಆದರೆ ಪಕ್ಕಕ್ಕಿಡುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೋವು ಬಂದಾಗ ನಿಮ್ಮ ಚಿಕ್ಕಪ್ಪ ಮಲಗಲಾರದೆ, ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಮುಂದಕ್ಕೆ ಬಾಗಿ ಕೂರುತ್ತಿದ್ದರು ಅಂತ ಬರೆದಿದ್ದೀರಲ್ಲ, ಅದು ತುಂಬಾ ಚೆನ್ನಾಗಿದೆ. ಹೊಟ್ಟೆಯ ಹಿಂಬದಿಯ ಮೇದೋಜೀರಕ ಗ್ರಂಥಿ ಉರಿಯೂತದಿಂದ ವರ್ಷಗಟ್ಟಲೆ ಸವೆದು ಕಲ್ಲುಗಟ್ಟುವ ಈ ಕಾಯಿಲೆಯ ನೋವು ಹಾಗೇ. ಮೇಲ್ಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ಹೊಡೆಯುತ್ತದೆ, ಬಾಗಿದರೆ ಒಂಚೂರು ಹಗುರ. ಆದರೆ ಮುಂದಿನ ಪ್ಯಾರಾದಲ್ಲೇ ಅವರನ್ನು ಬಿಟ್ಟು ಉಪದೇಶಕ್ಕೆ ಇಳಿದಿರಿ. ಯಾಕೆ?

ಇನ್ನು ಮರಗೆಣಸು. ಅನುಮಾನ ಸುಮ್ನೆ ಹುಟ್ಟಿದ್ದಲ್ಲ. 1959ರಲ್ಲಿ ಜುಯಿಡೆಮಾ ಎಂಬ ವೈದ್ಯರು ಇಂಡೊನೇಷ್ಯಾದ ಬಡ, ಸೊರಗಿದ ರೋಗಿಗಳಲ್ಲಿ ಈ ಕಾಯಿಲೆಯನ್ನು ಕಂಡರು. ಆಮೇಲೆ ಕೇರಳದಲ್ಲಿ ಡಾ. ಗೀವರ್ಗೀಸ್ ಇಂಥ ರೋಗಿಗಳನ್ನು ರಾಶಿ ರಾಶಿ ನೋಡಿದರು: ಚಿಕ್ಕಂದಿನಲ್ಲಿ ಹೊಟ್ಟೆನೋವು, ಹರೆಯಕ್ಕೆ ಬರುವಷ್ಟರಲ್ಲಿ ಸಕ್ಕರೆ ಕಾಯಿಲೆ, ಬದುಕುವ ವಯಸ್ಸಿನಲ್ಲೇ ಸಾವು. ಎರಡೂ ಕಡೆ ಬಡವರ ತಟ್ಟೆಯಲ್ಲಿ ಮರಗೆಣಸು, ಅದರಲ್ಲಿ ಸಯನೈಡ್ ಬಿಡುವ ಅಂಶ. ಯಾರಿಗಾದರೂ ಅನುಮಾನ ಬರುತ್ತದೆ ಅಲ್ವಾ? ನೀವು ಇಲ್ಲಿಗೇ ನಿಂತುಬಿಟ್ಟಿದ್ದೀರಿ. ಆಮೇಲೆ ಇಲಿಗಳಿಗೆ ತಿಂಗಳುಗಟ್ಟಲೆ ಮರಗೆಣಸು ತಿನ್ನಿಸಿ ನೋಡಿದರು, ಈ ಕಾಯಿಲೆ ಬರಲಿಲ್ಲ. ಮರಗೆಣಸು ತಿನ್ನದ ಊರುಗಳಲ್ಲೂ ರೋಗಿಗಳು ಸಿಕ್ಕರು. 2002ರಲ್ಲಿ ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಸ್ಥೆಯ ಸಂಶೋಧಕರು ಇಂಥ ರೋಗಿಗಳಲ್ಲಿ ಸ್ಪಿಂಕ್1 ಎಂಬ ಜೀನಿನ ದೋಷ ಜಾಸ್ತಿ ಇದೆ ಅಂತ ತೋರಿಸಿದರು.

ಈ ಜೀನಿನ ಕೆಲಸ ಏನು ಅಂತ ನಾಲ್ಕು ಸಾಲು ಬರೆಯಿರಿ, ನಿಮ್ಮ ಲೇಖನಕ್ಕೆ ಜೀವ ಬರುವುದೇ ಅಲ್ಲಿ. ಟ್ರಿಪ್ಸಿನ್ ಅಂದರೆ ಪ್ರೋಟೀನು ಜೀರ್ಣಿಸಲು ಈ ಗ್ರಂಥಿ ತಯಾರಿಸುವ ಕಿಣ್ವ, ಅದು ಕರುಳಿಗೆ ಹೋದ ಮೇಲೆ ಎಚ್ಚರಗೊಳ್ಳಬೇಕು. ಗ್ರಂಥಿಯೊಳಗೇ ಎದ್ದರೆ ಅದನ್ನು ಅದುಮಿ ಹಿಡಿಯುವ ಪ್ರೋಟೀನು ಈ ಜೀನಿನದು. ಹಿಡಿತ ತಪ್ಪಿದರೆ ಗ್ರಂಥಿ ತನ್ನನ್ನೇ ಜೀರ್ಣಿಸಿಕೊಳ್ಳುತ್ತದೆ. ಪ್ರಾಗ್‌ನ ವೈದ್ಯ ಹಾನ್ಸ್ ಕಿಯಾರಿ 1896ರಲ್ಲೇ ಈ ಮಾತು ಹೇಳಿದ್ದರು! ಹಾಗಂತ ಮರಗೆಣಸಿನ ಜಾಗದಲ್ಲಿ ಜೀನನ್ನು ಕೂರಿಸಿ ಕೈತೊಳೆದುಕೊಳ್ಳಬೇಡಿ. ಅದೇ ದೋಷ ಇಟ್ಟುಕೊಂಡು ಆರಾಮಾಗಿ ಓಡಾಡುವವರು ಬೇಕಾದಷ್ಟಿದ್ದಾರೆ.

ಪತ್ತೆಯ ಭಾಗದಲ್ಲಿ ನಿಮ್ಮ ಬರಹವೇ ನಿಮಗೆ ಎದುರು ನಿಂತಿದೆ. 'ಅಮೈಲೇಸ್ ಏರಿದ್ದರೆ ಕಾಯಿಲೆ ಖಚಿತ, ಇಲ್ಲದಿದ್ದರೆ ಇಲ್ಲ' ಅನ್ನುತ್ತೀರಿ (ಅಮೈಲೇಸ್ ಅಂದರೆ ಪಿಷ್ಟ ಜೀರ್ಣಿಸುವ ಕಿಣ್ವ, ರಕ್ತಪರೀಕ್ಷೆಯಲ್ಲಿ ಅಳೆಯುತ್ತಾರೆ). ಎರಡು ಪ್ಯಾರಾ ಬಿಟ್ಟು, ಚಿಕ್ಕಪ್ಪನ ಅಮೈಲೇಸ್ ನಾರ್ಮಲ್ ಇತ್ತು, ಸ್ಕ್ಯಾನಿನಲ್ಲಿ ಕಲ್ಲುಗಳು ಕಂಡವು ಅಂತೀರಿ. ಅದೇನು ಸೋಜಿಗವಲ್ಲ. ವರ್ಷಗಟ್ಟಲೆ ಸವೆದ ಗ್ರಂಥಿಯಲ್ಲಿ ರಕ್ತಕ್ಕೆ ಸೋರುವಷ್ಟು ಅಮೈಲೇಸ್ ಉಳಿದಿರುವುದಿಲ್ಲ. ಮಂಗನಬಾವು ಬಂದ ಮಗುವಿನಲ್ಲೂ ಅಮೈಲೇಸ್ ಏರುತ್ತದೆ, ಅದು ಜೊಲ್ಲುಗ್ರಂಥಿಯದ್ದು. ದಿಢೀರ್ ಬರುವ ಉರಿಯೂತಕ್ಕೂ ವೈದ್ಯರು ಮೂರರಲ್ಲಿ ಎರಡಾದರೂ ಕೇಳುತ್ತಾರೆ: ಅಂಥದೇ ನೋವು, ರಕ್ತದಲ್ಲಿ ಅಮೈಲೇಸ್ ಅಥವಾ ಲೈಪೇಸ್ (ಕೊಬ್ಬು ಜೀರ್ಣಿಸುವ ಕಿಣ್ವ) ನಾರ್ಮಲ್ ಮೇಲ್ಮಿತಿಯ 3 ಪಟ್ಟಾದರೂ ಇರುವುದು, ಸ್ಕ್ಯಾನಿನಲ್ಲಿ ಗುರುತು. ಆ ಎರಡು ಪ್ಯಾರಾ ಒಟ್ಟಿಗೆ ತಂದು, ಆ ನಾರ್ಮಲ್ ರಿಪೋರ್ಟು ನಿಮ್ಮ ಮನೆಯವರನ್ನು ಹೇಗೆ ದಾರಿ ತಪ್ಪಿಸಿತು ಅಂತ ಬರೆದರೆ ಅದೇ ಲೇಖನ.

ಕೊನೆಯ ಮನೆಮದ್ದಿನ ಪಟ್ಟಿ ಪೂರ್ತಿ ತೆಗೆಯಿರಿ, ಅದರ ಬಗ್ಗೆ ಚರ್ಚೆ ಬೇಡ. ಚಿಕ್ಕಪ್ಪನ ಒಪ್ಪಿಗೆ ಕೇಳಿದ್ದೀರಾ? ಕೇಳಿ ಕಳಿಸಿ. ಶೀರ್ಷಿಕೆ ನನಗೆ ಬಿಡಿ.