ಪಟ್ಟಿಯಲ್ಲಿ ಬಿಟ್ಟ ಹೆಸರು

ಮಕ್ಕಳನ್ನು ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಕಳುಹಿಸಿರುವ ಕರಾವಳಿಯ ಕ್ರೈಸ್ತ ತಾಯಂದಿರು ಒಂದೇ ದೂರನ್ನು ಹೊತ್ತು ಸಲಹೆಗಾಗಿ ನನ್ನ ಬಳಿ ಬರುತ್ತಾರೆ: ಎಷ್ಟು ಪ್ರಾರ್ಥಿಸಿದರೂ ಚಿಂತೆ ಇಳಿಯುತ್ತಿಲ್ಲ. ಅವರಲ್ಲೊಬ್ಬರಿಗೆ ನಾನು ಕೊಟ್ಟ ಸಲಹೆ ಅವರ ಚರ್ಚಿನ ಸಭಾಪಾಲಕರಿಗೆ ಸರಿಕಾಣಲಿಲ್ಲವಾದ್ದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಆ ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಕೆ 58 ವರ್ಷದ ವಿಧವೆ. ರಾತ್ರಿ 9 ಗಂಟೆಗೆ ಮೊಣಕಾಲೂರಿದರೆ ಏಳುವಾಗ 11 ದಾಟುತ್ತಿತ್ತು. ಆ ಬಳಿಕವೂ ನಿದ್ರೆ ಬರುತ್ತಿರಲಿಲ್ಲ.

ಮೂರನೆಯ ಭೇಟಿಯಲ್ಲಿ ಅವರು ಚೀಲದಿಂದ ನೋಟ್‌ಬುಕ್ಕೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಅವರ ವೀಸಾ, ಮನೆಸಾಲ, ನೆರೆಮನೆಯವರ ಕಾಯಿಲೆ ಎಲ್ಲವನ್ನೂ ಸಾಲಾಗಿ ಬರೆದಿದ್ದರು. ಇಷ್ಟನ್ನೂ ದಿನವೂ ಓದಲೇಬೇಕೇ ಎಂದು ಕೇಳಿದೆ. ತುಸು ಹೊತ್ತು ಸುಮ್ಮನಿದ್ದು, "ಒಂದು ಹೆಸರು ಬಿಟ್ಟುಹೋಗಿ, ಆ ರಾತ್ರಿಯೇ ಅವರಿಗೇನಾದರೂ ಆದರೆ, ಅದು ನನ್ನಿಂದಲೇ ಆದಂತಲ್ಲವೇ ಸರ್?" ಎಂದರು.

ಪ್ರಾರ್ಥನೆಯ ಹೆಸರಿನಲ್ಲಿ ಆ ತಾಯಿ ಇಡೀ ಕುಟುಂಬಕ್ಕೆ ಒಬ್ಬರೇ ಕಾವಲು ಕೂತಿದ್ದಾರೆ ಎಂಬುದು ನನಗೆ ಆಗ ತಿಳಿಯಿತು. ಬೈಬಲಿನ 121ನೆಯ ಕೀರ್ತನೆಯನ್ನು ಇಬ್ಬರೂ ಕೂಡಿ ಓದಿದೆವು. ಇಸ್ರಾಯೇಲ್ಯರನ್ನು ಕಾಯುವಾತನು ತೂಕಡಿಸುವುದೂ ಇಲ್ಲ, ನಿದ್ರಿಸುವುದೂ ಇಲ್ಲ ಎಂಬ ನಾಲ್ಕನೆಯ ವಚನದ ಬಳಿ ನಿಲ್ಲಿಸಿ, "ಹಾಗಾದರೆ ಅಮ್ಮಾ, ಆತನೂ ನೀವೂ ಇಬ್ಬರೂ ಎಚ್ಚರವಾಗಿರುವುದು ಏಕೆ?" ಎಂದೆ. ಅವರು ನೋಟ್‌ಬುಕ್ಕಿನ ಮೇಲೆ ಕೈಯಿಟ್ಟು ಅತ್ತರು.

ಪಟ್ಟಿಯನ್ನು ಮುಚ್ಚಿಟ್ಟು, ಆ ದಿನ ಹೆಚ್ಚು ಕಾಡಿದ ಒಂದೇ ಸಂಗತಿಯನ್ನು ಸ್ವಂತ ಮಾತಿನಲ್ಲಿ ದೇವರ ಮುಂದಿಟ್ಟು, ಕರ್ತನಾದ ಯೇಸು ಕಲಿಸಿದ ಪ್ರಾರ್ಥನೆಯಿಂದ ಮುಗಿಸಬೇಕು; ಅನುಮಾನ ಬಂದರೂ ಎರಡನೆಯ ಸಲ ಮೊಣಕಾಲೂರಬಾರದು; ವಾರಕ್ಕೊಂದು ರಾತ್ರಿ ಆ ಪ್ರಾರ್ಥನೆಯಲ್ಲೂ ಹಿರಿಮಗನ ಹೆಸರನ್ನು ಬೇಕೆಂದೇ ಬಿಡಬೇಕು ಎಂದು ಹೇಳಿದೆ. ನಿದ್ರೆಯ ವಿಷಯವಾಗಿ ಮನೋವೈದ್ಯರನ್ನೂ ಕಾಣಲು ಕಳುಹಿಸಿದೆ, ಏಕೆಂದರೆ ಔಷಧ ತೆಗೆದುಕೊಳ್ಳುವುದು ಅವಿಶ್ವಾಸವೆಂದು ನಾನು ಎಂದೂ ಒಪ್ಪಿದವನಲ್ಲ.

ತಾಯಿಗೆ ಮಗನ ಹೆಸರನ್ನು ಬಿಡಲು ಹೇಳುವುದು ಕಠಿಣವೆಂದು ನನಗೂ ಗೊತ್ತಿತ್ತು. ಸಭಾಪಾಲಕರು ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯದ, ನ್ಯಾಯಕ್ಕಾಗಿ ಬಿಡದೆ ಬೇಡಿದ ವಿಧವೆಯನ್ನು ನೆನಪಿಸಿದರು. ಬೇಸರಗೊಳ್ಳದೆ ಬೇಡಿಕೊಳ್ಳಬೇಕೆಂದು ಯೇಸುವೇ ಹೇಳಿರುವಾಗ ತಡೆಯಲು ನಾನು ಯಾರು ಎಂಬುದು ಅವರ ಪ್ರಶ್ನೆ. ಆದರೆ ಸಾಮ್ಯದ ಆ ವಿಧವೆ ನಿಂತದ್ದು ದೇವರಿಗೆ ಹೆದರದ, ಮನುಷ್ಯರನ್ನು ಲಕ್ಷ್ಯಮಾಡದ ನ್ಯಾಯಾಧಿಪತಿಯ ಮುಂದೆ, ಮತ್ತು ತಂದೆಯಾದ ದೇವರು ಅವನಂಥವನಲ್ಲ ಎಂಬುದೇ ಆ ಸಾಮ್ಯದ ತಿರುಳು. ಬೇಡುವ ಮೊದಲೇ ನಮ್ಮ ಅಗತ್ಯ ಆತನಿಗೆ ತಿಳಿದಿದೆ ಎಂದು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯ ಹೇಳುತ್ತದೆ. ಭಯ ಆಜ್ಞಾಪಿಸಿದಂತೆಲ್ಲ ಪಟ್ಟಿ ಓದುತ್ತಾ ಹೋದರೆ ಬೆಳೆಯುವುದು ಭಯವೇ. ಹೆಸರು ಬಿಟ್ಟ ಮರುದಿನವೂ ದೇವರು ಕಾಯುತ್ತಾನೆಂಬುದನ್ನು ಆ ತಾಯಿ ತಾವೇ ಕಂಡುಕೊಳ್ಳಬೇಕಿತ್ತು.

ಹೆಸರು ಬಿಟ್ಟ ಮೊದಲ ರಾತ್ರಿ ಅವರು 2 ಗಂಟೆಗೆ ಎದ್ದು ಮಗನಿಗೆ ಫೋನ್ ಮಾಡಿದರು. ನಾಲ್ಕನೆಯ ವಾರ ಮಾಡಲಿಲ್ಲ. ನೋಟ್‌ಬುಕ್ ಈಗಲೂ ಇದೆ. ಭಾನುವಾರ ಆರಾಧನೆಗೆ ಹೊರಡುವ ಮುನ್ನ ಒಂದು ಸಲ ಓದುತ್ತಾರೆ.