ಹತ್ತು ನ್ಯಾನೊಮೀಟರ್ ಬಿಸ್ಮತ್: ಅಚ್ಚಿನಲ್ಲಿ ಬೆಳೆಸುವುದು, ಸರಿಯಾಗಿ ಅಳೆಯುವುದು

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗಾಗಿ ಸಿಲಿಕಾನ್ ಮೇಲೆ 10 ನ್ಯಾನೊಮೀಟರ್ ಬಿಸ್ಮತ್ ಆವಿಲೇಪನ ಮಾಡಿದೆವು. ತಂಪಾದಷ್ಟೂ ರೋಧ ಏರುತ್ತದೆ, ಕಾಂತಕ್ಷೇತ್ರ ಬದಲಿಸಿದಾಗ ರೋಧದಲ್ಲಿ ಆಂದೋಲನ ಕಾಣಿಸುವುದಿಲ್ಲ. ಬಿಸ್ಮತ್ ಸೆಮಿಕಂಡಕ್ಟರ್ ಆಗಿದೆ ಎನ್ನಬಹುದೇ? ಒಳ್ಳೆಯ ಹರಳು ಪಡೆಯುವುದು ಹೇಗೆ?

ಉತ್ತರ: ಅಷ್ಟರಿಂದಲೇ ಹಾಗೆ ಹೇಳಬೇಡಿ. ಬಿಸ್ಮತ್ ಸೆಮಿಮೆಟಲ್, ಅಂದರೆ ಲೋಹಕ್ಕೂ ಸೆಮಿಕಂಡಕ್ಟರ್‌ಗೂ ನಡುವಿನದು. ಅದರ ಎಲೆಕ್ಟ್ರಾನ್ ಮತ್ತು ಹೋಲ್ (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗ, ಧನ ವಾಹಕದಂತೆ ವರ್ತಿಸುತ್ತದೆ) ಶಕ್ತಿ ಪಟ್ಟಿಗಳು ಸುಮಾರು 38 ಮಿಲಿಎಲೆಕ್ಟ್ರಾನ್‌ವೋಲ್ಟ್‌ನಷ್ಟು ಮಾತ್ರ ಒಂದರ ಮೇಲೊಂದು ಚಾಚಿವೆ. ಪದರ ತೆಳುವಾದಾಗ ಈ ಚಾಚು ಮುಚ್ಚಿ ಅಂತರ ತೆರೆಯುವುದು ಸಾಧ್ಯವೇ. ಆದರೆ ಆವಿಲೇಪನದ ಪದರದಲ್ಲಿ ಸಾವಿರಾರು ಸಣ್ಣ ಕಣಗಳಿರುತ್ತವೆ. ಅವುಗಳ ಗಡಿಗಳಲ್ಲಿ ವಾಹಕಗಳು (ವಿದ್ಯುತ್ ಒಯ್ಯುವ ಎಲೆಕ್ಟ್ರಾನ್, ಹೋಲ್‌ಗಳು) ಚದುರಿದರೂ ರೋಧ ಹೀಗೆಯೇ ಏರುತ್ತದೆ. ಜೊತೆಗೆ ಬಿಸ್ಮತ್‌ನ ಮೇಲ್ಮೈ ತಾನೇ ಲೋಹದಂತೆ ವಿದ್ಯುತ್ ಒಯ್ಯುತ್ತದೆ. ಈ ಮೂರನ್ನೂ ಬೇರ್ಪಡಿಸಬೇಕಾದರೆ ಮೊದಲು ಒಂಟಿ ಹರಳು ಬೇಕು.

ಅದಕ್ಕೆ ಈಗ ಇರುವ ಉತ್ತಮ ದಾರಿ ಅಚ್ಚಿನಲ್ಲಿ ಬೆಳೆಸುವುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇರ್ವೈನ್ ತಂಡ 2024ರಲ್ಲಿ ‘ನೇಚರ್ ಮೆಟೀರಿಯಲ್ಸ್’ನಲ್ಲಿ ಇದನ್ನು ಪ್ರಕಟಿಸಿತು: ಹೆಕ್ಸಾಗೊನಲ್ ಬೋರಾನ್ ನೈಟ್ರೈಡ್ ಎಂಬ ಪದರಪದರವಾದ ಅವಾಹಕದ ಎರಡು ಹಾಳೆಗಳ ನಡುವೆ ಬಿಸ್ಮತ್ ಇಟ್ಟು, ಕರಗಿಸಿ, ಒತ್ತಿ, ಹಾಗೆಯೇ ಹೆಪ್ಪುಗಟ್ಟಿಸಿದರೆ 10 ನ್ಯಾನೊಮೀಟರ್‌ಗೂ ತೆಳುವಾದ ಸಮತಟ್ಟು ಹರಳು ಸಿಗುತ್ತದೆ.

ನೈಟ್ರೈಡ್ ಹಾಳೆಗಳನ್ನು ಟೇಪ್‌ನಿಂದ ಬಿಡಿಸಿ, 285 ನ್ಯಾನೊಮೀಟರ್ ಆಕ್ಸೈಡ್ ಇರುವ ಸಿಲಿಕಾನ್ ಮೇಲೆ ಬಣ್ಣ ನೋಡಿ ಆರಿಸಿ. ಆರಿಸಿದ್ದನ್ನು ಎಎಫ್‌ಎಂನಲ್ಲಿ (ಚೂಪು ಮೊನೆಯಿಂದ ಮೇಲ್ಮೈಯ ಏರಿಳಿತ ಅಳೆಯುವ ಸೂಕ್ಷ್ಮದರ್ಶಕ) ಪರೀಕ್ಷಿಸಿ. ಮೆಟ್ಟಿಲು, ಅಂಟಿನ ಉಳಿಕೆ, ಗುಳ್ಳೆ ಇದ್ದರೆ ಅಂಥ ಹಾಳೆ ಬೇಡ, ಏಕೆಂದರೆ ಅಚ್ಚಿನ ಪ್ರತಿ ಓರೆಕೋರೆಯೂ ಬಿಸ್ಮತ್‌ನಲ್ಲಿ ಮೂಡುತ್ತದೆ. ತೀರ ತೆಳು ಹಾಳೆ ಒತ್ತಡಕ್ಕೆ ಬಾಗುತ್ತದೆ, ದಪ್ಪದ್ದೇ ಮೇಲು.

ಅಗಲದ ಲೆಕ್ಕವನ್ನು ಮೊದಲೇ ಮಾಡಿ. 4 ಮೈಕ್ರೊಮೀಟರ್ ಚೌಕದ, 300 ನ್ಯಾನೊಮೀಟರ್ ದಪ್ಪದ ಬಿಸ್ಮತ್ ಚೂರು 10 ನ್ಯಾನೊಮೀಟರ್‌ಗೆ ಹರಡಿದರೆ 480 ಚದರ ಮೈಕ್ರೊಮೀಟರ್ ಆಗುತ್ತದೆ, ಅಂದರೆ ಸುಮಾರು 22 ಮೈಕ್ರೊಮೀಟರ್ ಬದಿಯ ಚೌಕ. ಹಾಳೆ 30 ಮೈಕ್ರೊಮೀಟರ್‌ಗಿಂತ ಕಿರಿದಾದರೆ ಕರಗಿದ ಲೋಹ ಅಂಚಿನಿಂದ ಹೊರಕ್ಕೆ ಸೋರುವ ಸಾಧ್ಯತೆ ಹೆಚ್ಚು.

ಚೂರನ್ನು ಅಚ್ಚಿಗೆ ಇಡುವ ಕೆಲಸ ಆರ್ಗಾನ್ ಗ್ಲೋವ್‌ಬಾಕ್ಸ್ ಒಳಗೇ ಆಗಲಿ. ಹೊರಗಿಟ್ಟರೆ ಆಕ್ಸೈಡ್ ಸಿಪ್ಪೆ ಕಟ್ಟುತ್ತದೆ, ಕರಗಿದ ಮೇಲೂ ಚೂರು ಹರಡದೆ ಉಂಡೆಯಾಗಿಯೇ ನಿಲ್ಲುತ್ತದೆ. ಬಿಸ್ಮತ್ ಕರಗುವುದು 271 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ತುಸು ಮೇಲೆ, 300ರ ಆಸುಪಾಸು ಹೋಗಿ, ಗಾಜು ಅಥವಾ ನೀಲಮಣಿ ತಟ್ಟೆಯಿಂದ ಒತ್ತಿ. ಆಮೇಲೆ ನಿಧಾನವಾಗಿ ತಣಿಸಿ.

ಹೆಚ್ಚಿನವರು ಎಡವುವುದು ತಣಿಸುವಾಗಲೇ. ಕರಗಿದ ಬಿಸ್ಮತ್ 271ರ ಕೆಳಗೂ ದ್ರವವಾಗಿಯೇ ಉಳಿಯಬಲ್ಲದು. ಹೆಪ್ಪುಗಟ್ಟುವಾಗ ಅದು ನೀರಿನ ಹಾಗೆ ಹಿಗ್ಗುತ್ತದೆ, ಗಾತ್ರದಲ್ಲಿ ಸುಮಾರು ಶೇ 3ರಷ್ಟು. ಮೀಟರ್‌ನಲ್ಲಿ 270 ಕಂಡೊಡನೆ ಒತ್ತಡ ಬಿಟ್ಟರೆ ದ್ರವ ಮತ್ತೆ ಒಟ್ಟುಗೂಡುತ್ತದೆ, ಹಾಳೆ ಉಬ್ಬುತ್ತದೆ. 100 ಡಿಗ್ರಿಗೆ ಇಳಿಯುವವರೆಗೂ ಒತ್ತಡ ಬಿಡಬೇಡಿ.

ಮುಂದೆ ಎಎಫ್‌ಎಂನಲ್ಲಿ ಸುಮಾರು 0.39 ನ್ಯಾನೊಮೀಟರ್ ಎತ್ತರದ ಮೆಟ್ಟಿಲುಗಳು ಕಂಡರೆ ಪದರಗಳು ತಲಕ್ಕೆ ಸಮಾನಾಂತರವಾಗಿ ಕೂತಿವೆ ಎಂದರ್ಥ. ಚದುರಿದ ಬೆಳಕಿನಿಂದ ಹರಳನ್ನು ಗುರುತಿಸುವ ರಾಮನ್ ಪರೀಕ್ಷೆಗೆ ಲೇಸರ್ ತೀರ ಮಂದವಾಗಿರಲಿ, ಇಲ್ಲದಿದ್ದರೆ ಬೆಳೆಸಿದ್ದು ಕಣ್ಣೆದುರೇ ಕರಗೀತು. ಇದೇ ಕಾರಣಕ್ಕೆ ತಂತಿ ಜೋಡಿಸುವಾಗ ಬೆಸುಗೆ ಕಡ್ಡಿಯನ್ನು ಮಾದರಿಯ ಹತ್ತಿರ ತರಬೇಡಿ.

ಪ್ರಶ್ನೆ: ಹಾಲ್ ವೋಲ್ಟೇಜ್ (ಕಾಂತಕ್ಷೇತ್ರದಲ್ಲಿ ಪ್ರವಾಹಕ್ಕೆ ಅಡ್ಡಲಾಗಿ ಹುಟ್ಟುವ ವೋಲ್ಟೇಜ್) ಬಹುತೇಕ ಸೊನ್ನೆ. ವಾಹಕಗಳೇ ಇಲ್ಲವೇ?

ಉತ್ತರ: ಇವೆ. ಎಲೆಕ್ಟ್ರಾನ್ ಮತ್ತು ಹೋಲ್ ಎರಡೂ ಹೆಚ್ಚುಕಡಿಮೆ ಸಮವಾಗಿದ್ದು ಒಂದರ ಹಾಲ್ ಸಂಕೇತವನ್ನು ಇನ್ನೊಂದು ಅಳಿಸಿಹಾಕುತ್ತಿರಬಹುದು. ಒಂದೇ ವಾಹಕದ ಸೂತ್ರಕ್ಕೆ ಹಾಕಿದರೆ ಸಾಂದ್ರತೆ ವಾಸ್ತವಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ಬರುತ್ತದೆ. ಉದ್ದದ ರೋಧ, ಹಾಲ್ ರೋಧ ಎರಡನ್ನೂ ಒಟ್ಟಿಗೆ ಎರಡು ವಾಹಕಗಳ ಮಾದರಿಗೆ ಹೊಂದಿಸಿ.

ಇನ್ನೂ ನಂಬಿಕಸ್ತ ಪುರಾವೆ ಶುಬ್ನಿಕೋವ್–ಡಿ ಹಾಸ್ ಆಂದೋಲನ, ಅಂದರೆ ಕಾಂತಕ್ಷೇತ್ರ ಬದಲಾದಂತೆ ರೋಧ ಲಯಬದ್ಧವಾಗಿ ಏರಿಳಿಯುವುದು. 1930ರಲ್ಲಿ ಲೈಡನ್‌ನಲ್ಲಿ ಅದು ಮೊದಲು ಕಂಡದ್ದೇ ಬಿಸ್ಮತ್‌ನಲ್ಲಿ. ರೋಧವನ್ನು ಕ್ಷೇತ್ರದ ವಿಲೋಮದ ಎದುರು ಬಿಡಿಸಿ ಆವರ್ತನ ತೆಗೆಯಿರಿ. 10 ಟೆಸ್ಲಾ ಆವರ್ತನ ಬಂದರೆ, ಸ್ಪಿನ್‌ನಿಂದ ಬೇರ್ಪಟ್ಟ ಪ್ರತಿ ಫರ್ಮಿ ಪಾಕೆಟ್‌ನಲ್ಲಿ (ವಾಹಕಗಳ ಒಂದು ಗುಂಪು) ಚದರ ಸೆಂಟಿಮೀಟರ್‌ಗೆ ಸುಮಾರು 24,000 ಕೋಟಿ ವಾಹಕಗಳಿವೆ. ಬಿಸ್ಮತ್‌ನ ಮೇಲ್ಮೈ ಪಟ್ಟಿಗಳು ಸ್ಪಿನ್‌ನಿಂದ ಸೀಳಿರುವ ಕಾರಣ, ಅವುಗಳಿಗೆ ಎರಡು ಸ್ಪಿನ್‌ಗಳ ಲೆಕ್ಕವೆಂದು ಕಣ್ಣುಮುಚ್ಚಿ ಎರಡರಿಂದ ಗುಣಿಸುವುದು ತಪ್ಪು.

ನಿಮ್ಮ ಮೊದಲ ಪದರದಲ್ಲಿ ಆಂದೋಲನ ಕಾಣದ್ದಕ್ಕೂ ಲೆಕ್ಕ ಇದೆ: ಚಲನಶೀಲತೆ (ವಾಹಕಗಳು ಎಷ್ಟು ಸರಾಗವಾಗಿ ಸಾಗುತ್ತವೆ ಎಂಬ ಅಳತೆ, ಇಲ್ಲಿ ಚದರ ಮೀಟರ್ ಲೆಕ್ಕದಲ್ಲಿ) ಮತ್ತು ಕ್ಷೇತ್ರದ ಗುಣಲಬ್ಧ ಸುಮಾರು 1ನ್ನು ದಾಟಬೇಕು. ಚಲನಶೀಲತೆ 10,000 ಚದರ ಸೆಂಟಿಮೀಟರ್ ಪ್ರತಿ ವೋಲ್ಟ್-ಸೆಕೆಂಡ್ ಇದ್ದರೆ 1 ಟೆಸ್ಲಾ ಸಾಕು, 500 ಇದ್ದರೆ 20 ಟೆಸ್ಲಾ ಬೇಕು.

ಆಂದೋಲನ ಮೇಲ್ಮೈಯದೋ ಒಳಗಿನದೋ ಎನ್ನಲು ಮಾದರಿಯನ್ನು ವಾಲಿಸಿ ನೋಡಿದರೆ ಸಾಲದು, ಇಷ್ಟು ತೆಳುವಾದಾಗ ಎರಡೂ ಎರಡು ಆಯಾಮದಂತೆಯೇ ವರ್ತಿಸುತ್ತವೆ. ಕೆಳಗಿನ ಸಿಲಿಕಾನ್‌ಗೆ ಗೇಟ್ ವೋಲ್ಟೇಜ್ ಕೊಟ್ಟು, ಯಾವ ಆವರ್ತನ ಸರಿಯುತ್ತದೆ, ಯಾವುದು ಅಲುಗದೆ ನಿಲ್ಲುತ್ತದೆ ಎಂದು ಗಮನಿಸಿ. ಗೇಟ್‌ಗೆ ಹತ್ತಿರದ ಮೇಲ್ಮೈಯ ಆವರ್ತನ ಹೆಚ್ಚು ಸರಿಯುತ್ತದೆ.