ಅಮ್ಮನ ಕೈಗೆ ಗೊತ್ತಿರುವುದು ನಿಮ್ಮ ಬಾಯಿಗೆ ಬರಲಿ

ಪ್ರಶ್ನೆ: ನನಗೆ 34 ವರ್ಷ. ಆರು ವರ್ಷದ ಹಿಂದೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಯಿತು. ಎದೆಯಿಂದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ಗೊತ್ತಾಗುವುದಿಲ್ಲ. ಕೈಗಳು ಚೆನ್ನಾಗಿವೆ, ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಸ್ನಾನ, ಬಟ್ಟೆ, ಮೂತ್ರ ತೆಗೆಯುವ ಕ್ಯಾಥೆಟರ್ ನಳಿಗೆ, ಶೌಚ, ಹಾಸಿಗೆಯಿಂದ ವೀಲ್‌ಚೇರಿಗೆ ಕೂರಿಸುವುದು, ರಾತ್ರಿ ಮಗ್ಗುಲು ಬದಲಿಸುವುದು ಎಲ್ಲವೂ ಅಮ್ಮನೇ. ಅಮ್ಮನಿಗೆ 63. ಈಚೆಗೆ ಭುಜದ ನೋವಿನಿಂದ ಕೈ ಮೇಲೆತ್ತಲು ಆಗುತ್ತಿಲ್ಲ, ನನಗೆ ಗೊತ್ತಾಗದಂತೆ ಮುಚ್ಚಿಡುತ್ತಾರೆ. ಯಾರನ್ನಾದರೂ ಇಟ್ಟುಕೊಳ್ಳೋಣ ಎಂದರೆ ‘ನಾನಿರೋವರೆಗೂ ಇನ್ನೊಬ್ಬರ ಕೈ ನಿನ್ನ ಮೈಮೇಲೆ ಬೀಳಬಾರದು’ ಅನ್ನುತ್ತಾರೆ. ಹಟ ಹಿಡಿದು ಏಜೆನ್ಸಿಯಿಂದ ಒಬ್ಬರನ್ನು ಕರೆಸಿದೆ. ನಾನು ಎದುರಿಗೇ ಇದ್ದರೂ ಆಕೆ ಎಲ್ಲವನ್ನೂ ಅಮ್ಮನನ್ನೇ ಕೇಳುತ್ತಿದ್ದರು, ‘ಇವರಿಗೆ ಈಗ ಸ್ನಾನ ಮಾಡಿಸ್ಲಾ?’ ಎಂದು. ಬಚ್ಚಲ ಬಾಗಿಲು ಹಾಕದೆಯೇ ಬಟ್ಟೆ ತೆಗೆದರು. ಒಂಬತ್ತನೇ ದಿನ ಬರಲೇ ಇಲ್ಲ. ಈಗ ಅಣ್ಣ ‘ಯಾವುದಾದರೂ ಒಳ್ಳೆಯ ಆಶ್ರಯಧಾಮ ನೋಡೋಣ’ ಅನ್ನುತ್ತಿದ್ದಾನೆ. ಅಮ್ಮನಿಗಾಗಿ ನಾನು ಮನೆ ಬಿಡಬೇಕೇ? ಮನೆಯಲ್ಲೇ ಇರುತ್ತೇನೆ ಎನ್ನುವುದು ಸ್ವಾರ್ಥವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಬರುತ್ತೇನೆ. ಇಲ್ಲ, ಅದು ಸ್ವಾರ್ಥವಲ್ಲ. ಅಂಗವೈಕಲ್ಯ ಇರುವವರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆ 2006ರಲ್ಲಿ ಅಂಗೀಕಾರವಾಯಿತು. ಎಲ್ಲಿ ಇರಬೇಕು, ಯಾರ ಜೊತೆ ಇರಬೇಕು ಎಂದು ಆರಿಸಿಕೊಳ್ಳುವ ಅವಕಾಶ ಬೇರೆಲ್ಲರಿಗೆ ಇರುವಷ್ಟೇ ನಿಮಗೂ ಇರಬೇಕು ಎನ್ನುತ್ತದೆ ಅದರ 19ನೇ ವಿಧಿ. ಹಾಗೆ ಬದುಕಲು ಬೇಕಾದ ವೈಯಕ್ತಿಕ ಸಹಾಯದ ಹೆಸರನ್ನೂ ಅದು ಎತ್ತಿ ಹೇಳುತ್ತದೆ. ಹಕ್ಕು ಇದೆ ಎಂದ ಮಾತ್ರಕ್ಕೆ ನಾಳೆ ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುವ ಕೈ ಬಂದುಬಿಡುವುದಿಲ್ಲ, ನಿಜ. ಆದರೆ ಅಣ್ಣನ ಜೊತೆ ಕೂತು ಮಾತಾಡುವಾಗ ‘ನನ್ನನ್ನು ಎಲ್ಲಿಡೋಣ’ ಎಂಬಲ್ಲಿಂದ ಮಾತು ಶುರುವಾಗದಿರಲಿ. ‘ನಾನು ಇಲ್ಲೇ ಇರುತ್ತೇನೆ, ಅದಕ್ಕೆ ಏನೇನು ಬೇಕು, ಅದರಲ್ಲಿ ನಿನ್ನ ಪಾಲು ಎಷ್ಟು’ ಎಂಬಲ್ಲಿಂದ ಶುರುವಾಗಲಿ. ಅಣ್ಣ ಕೆಟ್ಟವರಲ್ಲ, ಅಮ್ಮನ ಸ್ಥಿತಿ ನೋಡಿ ಹೆದರಿದ್ದಾರೆ ಅಷ್ಟೆ. ಹೆದರಿದವರಿಗೆ ಒಂದು ನಿರ್ದಿಷ್ಟ ಕೆಲಸ ಹೇಳಿಕೊಟ್ಟರೆ ಅವರಿಗೂ ಸಮಾಧಾನ.

ಇನ್ನು ಆ ಸಹಾಯಕಿ ಬಂದ ಎಂಟು ದಿನ. ಬಾಗಿಲು ಹಾಕದೆ ಬಟ್ಟೆ ತೆಗೆದದ್ದು ತಪ್ಪೇ, ಅದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಆದರೆ ಆಕೆ ಅಮ್ಮನನ್ನೇ ಕೇಳುತ್ತಿದ್ದುದಕ್ಕೆ ಇನ್ನೊಂದು ಕಾರಣ ಇರಬಹುದು. ಅವರು ಕೇಳಿದಾಗೆಲ್ಲ ಉತ್ತರ ಕೊಟ್ಟವರು ಯಾರು? ಅಮ್ಮನೇ ಅಲ್ಲವೇ? ಮುಂದಿನ ಸಲ ಅಮ್ಮ ಒಂದೇ ಒಂದು ಮಾತು ಹೇಳಬೇಕು: ‘ಅವಳನ್ನೇ ಕೇಳಿ.’ ಕೆಲಸಕ್ಕೆ ಬಂದವರಿಗೆ ಮೊದಲ ದಿನವೇ, ಮೊದಲ ಗಂಟೆಯಲ್ಲೇ, ತಾನು ಯಾರ ಕೈಕೆಳಗೆ ಕೆಲಸ ಮಾಡುತ್ತಿದ್ದೇನೆ ಎಂಬುದು ತಿಳಿಯಬೇಕು. ನೀವು ನೋಡಿಕೊಳ್ಳಬೇಕಾದ ರೋಗಿಯಲ್ಲ. ಕೆಲಸ ಕೊಟ್ಟವರು ನೀವು.

ಅಮೆರಿಕದ ಎಡ್ ರಾಬರ್ಟ್ಸ್ ಎಂಬುವರಿಗೆ 14ನೇ ವಯಸ್ಸಿನಲ್ಲಿ ಪೋಲಿಯೊ ಬಂದು ಕತ್ತಿನಿಂದ ಕೆಳಗೆ ಹೆಚ್ಚುಕಡಿಮೆ ಏನೂ ಅಲ್ಲಾಡುತ್ತಿರಲಿಲ್ಲ, ಉಸಿರಾಟಕ್ಕೂ ಯಂತ್ರ ಬೇಕಿತ್ತು. 1962ರಲ್ಲಿ ಅವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ ಸೇರಿದರು. ಅವರಂಥವರೇ ಸೇರಿ ತಮ್ಮ ಸಹಾಯಕರನ್ನು ತಾವೇ ಆರಿಸಿ, ತಾವೇ ಕಲಿಸಿ, ಬೇಡವಾದರೆ ತಾವೇ ಬಿಡಿಸಿ ಬದುಕುವುದನ್ನು ರೂಢಿಸಿಕೊಂಡರು. 1972ರಲ್ಲಿ ಅಲ್ಲಿ ಸ್ವತಂತ್ರ ಜೀವನ ಕೇಂದ್ರ ಶುರುವಾಯಿತು. ಅವರ ಲೆಕ್ಕದಲ್ಲಿ ಸ್ವಾತಂತ್ರ್ಯ ಎಂದರೆ ಅಂಗಿಯನ್ನು ತಾನೇ ಹಾಕಿಕೊಳ್ಳುವುದಲ್ಲ, ಯಾವ ಅಂಗಿ, ಯಾವಾಗ, ಯಾರ ಕೈಯಿಂದ ಎಂದು ತಾನೇ ಹೇಳುವುದು. ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಇದೇ.

ಇದು ನನಗೆ ಅರ್ಥವಾಗಲು ಹನ್ನೊಂದು ವರ್ಷ ಬೇಕಾಯಿತು. ನನ್ನ ತಮ್ಮನಿಗೆ ಸ್ನಾಯುಗಳು ಕ್ಷಯಿಸುತ್ತಾ ಹೋಗುವ ಕಾಯಿಲೆ ಇತ್ತು. ಅಷ್ಟೂ ವರ್ಷ ಅವನ ಸ್ನಾನ, ಬಟ್ಟೆ ನನ್ನದೇ. ನನ್ನ ಸೊಂಟ ಹಿಡಿದುಕೊಂಡಾಗ ವಿಧಿಯಿಲ್ಲದೆ ಒಬ್ಬ ಹುಡುಗನನ್ನು ಕೆಲಸಕ್ಕೆ ಇಟ್ಟುಕೊಂಡೆವು. ಮೊದಲ ದಿನ ನಾನು ಬಾಗಿಲಲ್ಲೇ ನಿಂತು, ಹಾಗಲ್ಲ ಹೀಗೆ ಎಂದು ಹೇಳುತ್ತಲೇ ಇದ್ದೆ. ತಮ್ಮ ನಿಧಾನವಾಗಿ ‘ಅಕ್ಕ, ನೀನು ಸ್ವಲ್ಪ ಆಚೆ ಇರು’ ಅಂದ. ಆಚೆ ಬಂದವಳಿಗೆ ಒಳಗಿನ ಮಾತು ಕೇಳಿಸಿತು: ‘ಮೇಲಿನ ಗುಂಡಿ ಹಾಕಬೇಡ, ಕುತ್ತಿಗೆಗೆ ಬಿಗಿಯಾಗುತ್ತೆ.’ ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಆ ಗುಂಡಿ ಹಾಕಿದವಳು ನಾನು. ಒಂದು ದಿನವೂ ನನಗೆ ಹೇಳಿರಲಿಲ್ಲ. ಪ್ರೀತಿಯಿಂದ, ನೋವು ನುಂಗಿಕೊಂಡು, ಪುಕ್ಕಟೆ ಮಾಡುವವರ ಮುಂದೆ ಗುಂಡಿ ಬೇಡ ಎನ್ನಲು ಬಾಯಿ ಬರುವುದಿಲ್ಲ. ಸಂಬಳಕ್ಕೆ ಬಂದವನ ಹತ್ತಿರ ಹೇಳಬಹುದು. ಅವತ್ತು ತುಂಬಾ ಅತ್ತೆ. ಆಮೇಲೆ ಅಕ್ಕತಮ್ಮ ಮೊದಲಿಗಿಂತ ಹತ್ತಿರವಾದೆವು, ಏಕೆಂದರೆ ಅವನ ಜೊತೆ ಸುಮ್ಮನೆ ಕೂರಲು ನನಗೆ ಪುರುಸೊತ್ತು ಸಿಕ್ಕಿತು. ಇದನ್ನು ನಿಮ್ಮ ಅಮ್ಮನಿಗೂ ಓದಿ ಹೇಳಿ.

ಈಗ ನಿಮ್ಮ ಕೆಲಸ. ಜನ ಹುಡುಕುವುದಕ್ಕೂ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಈ ಆರು ವರ್ಷದಲ್ಲಿ ನಿಮ್ಮ ಮೈಯ ತಿಳಿವಳಿಕೆಯೆಲ್ಲ ಅಮ್ಮನ ಕೈಯಲ್ಲಿ ಸೇರಿಹೋಗಿದೆ. ಅಮ್ಮ ಅದನ್ನು ಯೋಚಿಸದೆ ಮಾಡುತ್ತಾರೆ, ನೀವು ಯೋಚಿಸದೆ ಮಾಡಿಸಿಕೊಳ್ಳುತ್ತೀರಿ. ಹೊಸಬರು ಬಂದಾಗ ಅದನ್ನು ಮಾತಿನಲ್ಲಿ ಹೇಳಲು ಇಬ್ಬರಿಗೂ ಆಗುವುದಿಲ್ಲ, ಅದಕ್ಕೇ ಎಲ್ಲ ಎಡವಟ್ಟಾಗುವುದು. ಎದ್ದಾಗಿನಿಂದ ಮಲಗುವವರೆಗೆ, ರಾತ್ರಿಯೂ ಸೇರಿ, ಪ್ರತಿಯೊಂದನ್ನೂ ಬರೆಯಿರಿ. ‘ಸ್ನಾನ’ ಎಂದು ಬರೆದರೆ ಸಾಲದು. ನೀರಿನ ಬಿಸಿ ಯಾರು ನೋಡುತ್ತಾರೆ? ನಿಮ್ಮ ಕಾಲಿಗೆ ಸುಡುವ ನೀರು ಬಿದ್ದರೂ ಗೊತ್ತಾಗುವುದಿಲ್ಲವಾದ್ದರಿಂದ ಅವರು ಮೊಣಕೈ ಅದ್ದಿ ನೋಡಬೇಕು, ನೀವೂ ನಿಮ್ಮ ಕೈಯಲ್ಲಿ ಮುಟ್ಟಿ ನೋಡಬೇಕು. ಒರೆಸುವಾಗ ಎಲ್ಲೆಲ್ಲಿ ಚರ್ಮ ಪರೀಕ್ಷಿಸಬೇಕು? ಬಾಲಮೂಳೆ, ಕೂರುವಾಗ ಭಾರ ಬೀಳುವ ಮೂಳೆಗಳು, ಸೊಂಟದ ಪಕ್ಕ, ಹಿಮ್ಮಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಣ್ಣ ಬಿಳಿಚದೆ ಹಾಗೇ ಕೆಂಪಾಗಿ ಉಳಿದರೆ ಅದು ಒಂದೇ ಕಡೆ ಒತ್ತಡ ಬಿದ್ದು ಆಗುವ ಹುಣ್ಣಿನ, ಅಂದರೆ ಬೆಡ್‌ಸೋರ್‌ನ ಮೊದಲ ಗುರುತು. ಕಪ್ಪು ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣದು, ಅಲ್ಲಿ ಬಿಸಿ, ಗಡಸುತನ, ಊತ ನೋಡಬೇಕು. ಇಷ್ಟು ಬಿಡಿಸಿ ಬರೆಯಿರಿ.

ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ದೊಡ್ಡ ಅಕ್ಷರದಲ್ಲಿ, ಒಂದು ತುರ್ತು ಸೂಚನೆ ಇರಲಿ. ಬೆನ್ನುಹುರಿಗೆ ಎದೆಮಟ್ಟದ ಆರನೇ ಕಶೇರುವಿನ (ಬೆನ್ನೆಲುಬಿನ ಮಣಿಯ) ಆಸುಪಾಸಿನಲ್ಲೋ ಅದಕ್ಕೂ ಮೇಲೋ ಪೆಟ್ಟಾದವರಿಗೆ ರಕ್ತದೊತ್ತಡ ಇದ್ದಕ್ಕಿದ್ದಂತೆ ಅಪಾಯದ ಮಟ್ಟಕ್ಕೆ ಏರುವುದುಂಟು. ವೈದ್ಯರು ಇದನ್ನು ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅನ್ನುತ್ತಾರೆ. ತಲೆ ಸಿಡಿಯುವಂಥ ನೋವು, ಮುಖ ಕೆಂಪಾಗುವುದು, ಪೆಟ್ಟಾದ ಜಾಗಕ್ಕಿಂತ ಮೇಲೆ ಬೆವರು ಅದರ ಲಕ್ಷಣ. ಬಹಳ ಸಲ ಕಾರಣ ತುಂಬಿದ ಮೂತ್ರಕೋಶ, ಮಡಚಿಕೊಂಡ ಕ್ಯಾಥೆಟರ್ ನಳಿಗೆ ಅಥವಾ ಕಟ್ಟಿಕೊಂಡ ಮಲ. ಕೂಡಲೇ ನೆಟ್ಟಗೆ ಕೂರಿಸಬೇಕು, ಬಿಗಿ ಬಟ್ಟೆ ಸಡಿಲಿಸಬೇಕು, ಕಾರಣ ಹುಡುಕಿ ತೆಗೆಯಬೇಕು, ಇಳಿಯದಿದ್ದರೆ ತುರ್ತು ಚಿಕಿತ್ಸೆಗೆ ಕರೆದೊಯ್ಯಬೇಕು. ನಿಮಗೆ ಇದು ಅನ್ವಯಿಸುತ್ತದೆಯೇ ಎಂದು ನಿಮ್ಮ ವೈದ್ಯರನ್ನು ಈ ವಾರವೇ ಕೇಳಿ. ಅನ್ವಯಿಸುತ್ತದೆ ಎಂದಾದರೆ, ಇದನ್ನು ಬಾಯಿಪಾಠ ಹೇಳಲಾಗದ ಯಾರ ಜೊತೆಗೂ ಒಬ್ಬರೇ ಇರಬೇಡಿ.

ಬರೆಯುತ್ತಾ ಹೋದಂತೆ ಇನ್ನೊಂದು ಹೊರಬೀಳುತ್ತದೆ. ಅಮ್ಮ ಮಾಡುತ್ತಿರುವುದರಲ್ಲಿ ಕೆಲವನ್ನು ನೀವೇ ಮಾಡಿಕೊಳ್ಳಬಲ್ಲಿರಿ. ಕೈಗೆ ಬಲ ಇರುವ ಎಷ್ಟೋ ಹೆಂಗಸರು ನಾಲ್ಕರಿಂದ ಆರು ಗಂಟೆಗೊಮ್ಮೆ ಕ್ಯಾಥೆಟರ್ ಅನ್ನು ತಾವೇ ಹಾಕಿಕೊಳ್ಳುತ್ತಾರೆ. ಮೊದಮೊದಲು ಕನ್ನಡಿ ಇಟ್ಟುಕೊಂಡು ನರ್ಸ್ ಹತ್ತಿರ ಕಲಿಯುತ್ತಾರೆ. ಜಾರುಹಲಗೆ ಇಟ್ಟುಕೊಂಡು ಹಾಸಿಗೆಯಿಂದ ವೀಲ್‌ಚೇರಿಗೆ ಸರಿಯುವುದನ್ನು ಫಿಸಿಯೋ ಹೇಳಿಕೊಡಬಲ್ಲರು. ಅದಾಗದಿದ್ದರೆ ಜೋಲಿಯಲ್ಲಿ ಕೂರಿಸಿ ಎತ್ತುವ ಹಾಯ್ಸ್ಟ್ ಇದೆ. ಅಮ್ಮನ ಭುಜ ಹಾಳಾದದ್ದು ಬಹುಶಃ ನಿಮ್ಮ ಕಂಕುಳಲ್ಲಿ ಕೈಹಾಕಿ ಎತ್ತಿಯೇ. ಆ ಅಭ್ಯಾಸ ಇವತ್ತೇ ನಿಲ್ಲಲಿ, ಅದರಿಂದ ನಿಮ್ಮ ಭುಜಕ್ಕೂ ಪೆಟ್ಟು. ಹಾಗೆಂದು ಎಲ್ಲವನ್ನೂ ನೀವೇ ಮಾಡಿಕೊಂಡು ತೋರಿಸಬೇಕು ಎಂಬ ಹಟವೂ ಬೇಡ. ಪ್ಯಾಂಟ್ ಹಾಕಿಕೊಳ್ಳಲು ಒಂದು ಗಂಟೆ ಹೆಣಗಿ, ಸುಸ್ತಾಗಿ ಲೆಕ್ಕದ ಕೆಲಸಕ್ಕೆ ಕೂತರೆ ಏನು ಬಂತು? ಅಂಥದ್ದಕ್ಕೆ ಸಹಾಯ ತೆಗೆದುಕೊಳ್ಳಿ. ನಿಮ್ಮ ಶಕ್ತಿ ಯಾವುದಕ್ಕೆ ಖರ್ಚಾಗಬೇಕೆಂದು ತೀರ್ಮಾನಿಸುವವರು ನೀವು.

ಇನ್ನು ಯಾರನ್ನು ಎಲ್ಲಿ ಹುಡುಕುವುದು. ಏಜೆನ್ಸಿಯಾದರೆ ಸಾಮಾನ್ಯವಾಗಿ ಒಬ್ಬರು ಬಾರದ ದಿನ ಇನ್ನೊಬ್ಬರನ್ನು ಕಳಿಸುವ ಹೊಣೆ ಅವರದು, ಹಿನ್ನೆಲೆ ವಿಚಾರಿಸಿದ್ದಾರೆಯೇ ಎಂದು ಕೇಳಿಕೊಳ್ಳಿ. ಆದರೆ ಯಾರು ಬರುತ್ತಾರೆ ಎನ್ನುವುದು ಅವರ ಕೈಯಲ್ಲಿ. ಕ್ಯಾಥೆಟರ್, ಶೌಚದಂಥ ಕೆಲಸವನ್ನು ತಮ್ಮ ಸಿಬ್ಬಂದಿ ಮಾಡುವುದಿಲ್ಲ ಎಂಬ ನಿಯಮ ಕೆಲವರಲ್ಲಿರುತ್ತದೆ, ಮೊದಲೇ ಕೇಳಿ. ನೇರವಾಗಿ ನೀವೇ ನೇಮಿಸಿಕೊಂಡರೆ ಆಯ್ಕೆ ನಿಮ್ಮದು, ತರಬೇತಿ, ರಜೆ, ಬದಲಿ ವ್ಯವಸ್ಥೆಯ ತಲೆನೋವೂ ನಿಮ್ಮದೇ. ನಿಮ್ಮ ಸ್ವಭಾವ ನೋಡಿದರೆ ನೇರ ನೇಮಕವೇ ಹೊಂದುತ್ತದೆ ಎಂದು ನನಗನ್ನಿಸುತ್ತದೆ. ನಿಮ್ಮ ಫಿಸಿಯೋ, ನೀವು ತರಬೇತಿ ಪಡೆದ ಪುನರ್ವಸತಿ ಕೇಂದ್ರ, ಬೆನ್ನುಹುರಿ ಪೆಟ್ಟಾದವರ ಬಳಗ, ಈಗಾಗಲೇ ಸಹಾಯಕಿ ಇರುವ ಯಾರಾದರೂ, ಇವರನ್ನೆಲ್ಲ ಕೇಳಿ. ಒಳ್ಳೆಯ ಸಹಾಯಕಿಯ ಗೆಳತಿ ಹೆಚ್ಚಾಗಿ ಒಳ್ಳೆಯ ಸಹಾಯಕಿಯೇ ಆಗಿರುತ್ತಾಳೆ. ಅನುಭವ ಇಲ್ಲವೆಂದು ತಳ್ಳಿಹಾಕಬೇಡಿ. ‘ನನಗೆಲ್ಲಾ ಗೊತ್ತು’ ಎಂದು ಬರುವವರಿಗಿಂತ ಹೇಳಿದ್ದನ್ನು ಕೇಳಿಸಿಕೊಳ್ಳುವವರು ಮೇಲು.

ಬಂದವರನ್ನು ನೀವೇ ಮಾತಾಡಿಸಿ, ಅಮ್ಮ ಬೇರೆ ಕೋಣೆಯಲ್ಲಿರಲಿ. ಒಂದು ಸಣ್ಣ ಕೆಲಸ ಕೊಟ್ಟು ನೋಡಿ. ನಾನಾದರೆ ಕಾಲುಚೀಲ ಹಾಕಿಸಿಕೊಳ್ಳುತ್ತೇನೆ. ಸ್ಪರ್ಶವಿಲ್ಲದ ಪಾದಕ್ಕೆ ಕಾಲುಚೀಲದ ಒಂದು ಮಡಿಕೆಯೇ ಸಂಜೆಯೊಳಗೆ ಗಾಯ ಮಾಡಬಹುದು. ‘ಬೆರಳ ಹತ್ತಿರ ಹೊಲಿಗೆ ನೇರ ಇರಲಿ, ಹಿಮ್ಮಡಿಯಲ್ಲಿ ಸುಕ್ಕು ಬಿಡಿಸಿ’ ಎಂದು ಹೇಳಿ. ಮುಟ್ಟುವ ಮೊದಲು ‘ಕಾಲು ಎತ್ತಲಾ?’ ಎಂದು ಕೇಳುತ್ತಾರಾ? ಹೇಳಿದ ಮೇಲೆ ಬೆರಳಾಡಿಸಿ ಸುಕ್ಕು ನೋಡುತ್ತಾರಾ, ಎಳೆದು ಮುಗಿಸುತ್ತಾರಾ? ಮಾತಾಡುವಾಗ ಕಣ್ಣು ನಿಮ್ಮ ಮುಖದ ಮೇಲಿದೆಯಾ, ಬಾಗಿಲ ಕಡೆಗಾ? ಐದು ನಿಮಿಷದಲ್ಲಿ ನಿಮಗೇ ತಿಳಿಯುತ್ತದೆ.

ಒಪ್ಪಿಕೊಂಡದ್ದನ್ನು ಕಾಗದದ ಮೇಲೆ ಬರೆದಿಡಿ: ಎಷ್ಟು ಗಂಟೆ, ಏನೇನು ಕೆಲಸ, ವಾರದ ರಜೆ, ಸಂಬಳದ ತಾರೀಕು, ಬಿಡುವುದಾದರೆ ಎಷ್ಟು ದಿನ ಮೊದಲು ಹೇಳಬೇಕು, ಫೋಟೊ ವಿಡಿಯೊ ತೆಗೆಯಕೂಡದು. ನಿಮಗಾಗಿ ಬಂದವರ ಮೇಲೆ ಮನೆಯವರೆಲ್ಲರ ಬಟ್ಟೆ, ಪಾತ್ರೆ ಹೇರಬೇಡಿ. ಒಂಬತ್ತನೇ ದಿನ ಬಿಟ್ಟುಹೋಗುವವರಲ್ಲಿ ಎಷ್ಟೋ ಜನ ಇದಕ್ಕೇ ಹೋಗುತ್ತಾರೆ. ಕೈಗವಸು ನೀವು ಕೊಡಿ, ಅವರ ಬೆನ್ನನ್ನೂ ಕಾಪಾಡಿ. ಬ್ಯಾಂಕ್ ಪಿನ್ ಯಾರಿಗೂ ಬೇಡ. ಫೋನು ಸದಾ ನಿಮ್ಮ ಕೈಗೆಟುಕುವಲ್ಲಿರಲಿ. ಒರಟಾಗಿ ಎಳೆದಾಡಿದರೆ, ಮುಟ್ಟಬಾರದ ರೀತಿ ಮುಟ್ಟಿದರೆ, ಬೇರೆ ಯಾರೂ ಸಿಗಲಿಕ್ಕಿಲ್ಲ ಎಂಬ ಭಯಕ್ಕೆ ಸಹಿಸಿಕೊಳ್ಳಬೇಡಿ. ಅದೇ ದಿನ ಮನೆಯವರಿಗೆ ಹೇಳಿ, ದೂರು ಕೊಡಿ. ಒಬ್ಬರನ್ನೇ ನಂಬಿ ಕೂರಬಾರದು ಎನ್ನುವುದು ಇದಕ್ಕಾಗಿಯೂ ಹೌದು. ದಿನನಿತ್ಯಕ್ಕೆ ಒಬ್ಬರು, ವಾರದಲ್ಲಿ ಒಂದೆರಡು ದಿನ ಬರುವ ಇನ್ನೊಬ್ಬರು, ಇಬ್ಬರೂ ಆ ನೋಟ್‌ಬುಕ್ ಓದಿದವರು. ಎರಡನೆಯವರ ಸಂಬಳವನ್ನು ಅಣ್ಣ ಹೊರಲಿ. ಅವರ ಪಾಲು ಅಂದೆನಲ್ಲ, ಅದು ಇದು.

ಪರರ ಮುಂದೆ ಬೆತ್ತಲಾಗುವ ಸಂಕೋಚವನ್ನು ನೀವು ನೇರವಾಗಿ ಬರೆದಿಲ್ಲ. ಬಾಗಿಲಿನ ಮಾತಿನಲ್ಲೇ ಅದು ನನಗೆ ಕೇಳಿಸಿತು. ಅದಕ್ಕೆ ನಾಚಿಕೆಪಡಬೇಕಿಲ್ಲ. ಬಾಗಿಲು ಹಾಕುವುದು, ಮೈಮೇಲೆ ಟವಲ್ ಇದ್ದು ತೊಳೆಯುವ ಭಾಗವನ್ನಷ್ಟೇ ತೆರೆಯುವುದು, ಕೈ ಇಡುವ ಮೊದಲು ಹೇಳುವುದು, ಇವು ನೀವು ಕೇಳುವ ಉಪಕಾರಗಳಲ್ಲ, ಆ ಕೆಲಸದ ರೀತಿಯೇ ಹಾಗೆ. ಮೊದಲ ವಾರ ಕಷ್ಟವಾಗುತ್ತದೆ. ನಿಮ್ಮ ಕೈಗೆಟುಕುವ ಭಾಗವನ್ನು ನೀವೇ ತೊಳೆದುಕೊಳ್ಳಿ, ಶೌಚದ ಕೆಲಸವನ್ನು ಕೊನೆಗೆ ಹಸ್ತಾಂತರಿಸಿ.

ಅಮ್ಮನ ಭುಜ ಕಾಯುವುದಿಲ್ಲವಾದ್ದರಿಂದ ಎತ್ತುವುದು, ಮಗ್ಗುಲು ಬದಲಿಸುವುದು ಮೊದಲು ಅವರ ಕೈಯಿಂದ ಹೋಗಲಿ. ರಾತ್ರಿ ಎರಡು ಗಂಟೆಗೊಮ್ಮೆ ಏಳುವುದನ್ನು ಒಳ್ಳೆಯ ಒತ್ತಡ ತಗ್ಗಿಸುವ ಹಾಸಿಗೆಯಿಂದ ಕಡಿಮೆ ಮಾಡಬಹುದೇ ಎಂದು ವೈದ್ಯರನ್ನು ಕೇಳಿ, ಚರ್ಮ ನೋಡಿಕೊಂಡು ಅವರು ಹೇಳುತ್ತಾರೆ. ಅಮ್ಮನಿಗೆ ‘ಇನ್ನು ನೀನು ಬೇಡ’ ಎಂದು ಕೇಳಿಸಬಾರದು. ಆರು ವರ್ಷ ಒಂದು ಗಾಯವೂ ಆಗದಂತೆ ಕಾಪಾಡಿದ್ದರೆ ಅವರಿಗಿಂತ ಒಳ್ಳೆಯ ಗುರು ಇಲ್ಲ. ಹೊಸಬರಿಗೆ ಮೊದಲ ಕೆಲವು ದಿನ ಅವರೇ ತೋರಿಸಿಕೊಡಲಿ. ನಂತರ ಒಂದು ದಿನ ಅವರು ಒಂದು ಗಂಟೆ ಮನೆಯಿಂದ ಹೊರಗೆ ಹೋಗಬೇಕು, ತಮ್ಮ ಭುಜವನ್ನು ಡಾಕ್ಟರಿಗೆ ತೋರಿಸಲಿಕ್ಕೆ.

ಇವತ್ತು ರಾತ್ರಿ ಅಮ್ಮ ಮಗ್ಗುಲು ಬದಲಿಸಲು ಬಂದಾಗ ಸ್ವಲ್ಪ ತಡೆಯಲು ಹೇಳಿ. ಮೊದಲು ಯಾವ ಕೈ, ಎಲ್ಲಿ ಇಡುತ್ತೀಯಮ್ಮ ಎಂದು ಕೇಳಿ. ತಕ್ಷಣ ಹೇಳಲು ಅವರಿಗೆ ಬರುವುದಿಲ್ಲ, ಒಮ್ಮೆ ಮಾಡಿ ನೋಡಿ ಹೇಳುತ್ತಾರೆ. ಬರೆದುಕೊಳ್ಳಿ.